ರಂಗೋಲಿ ಮ್ಯಾಲಿನ ನೀರು

ನಮ್ಮ ಮನಿ ಅಂಗಳದಾಗ ರಂಗೋಲಿ ಹಾಕೋ ಜಾಗ, ಗಾಡಿ ನಿಲ್ಲಸೋ ಜಾಗ ಎರಡೂ ಒಂದ. ಇದು ನಾನು ಮದಿವ್ಯಾಗಿ ಬಂದಾಗಿನಿಂದ ನಡದಿರೋ ಜಗಳ. ಮುಂಜಾನೆ ನಮ್ಮ ಮನಿಯವ್ರು ಗಾಡಿ ಎರಡು ಮಾರು ಹಿಂದಕ್ಕ ಸರಸ್ತಾರ, ನಾನು ಕಸಾ ಹೊಡದು ನೀರು ಚೆಲ್ಲಿ ರಂಗೋಲಿ ಹಾಕ್ತೀನಿ. ಹೊರಗ ಹೋಗಿ ಬಂದು ಮತ್ತ ತಂದು ಅದರ ಮ್ಯಾಲೆ ನಿಲ್ಲಸ್ತಾರ. ಅದೂ ಸೈ ಅಂತ ಬಿಟ್ಟಿದ್ದೆ. ಆದ್ರ ಈ ವರ್ಷ ಯುಗಾದಿ ಆದ ಮ್ಯಾಲೆ, ಗಾಡಿ ನಿಂತು ಹತ್ತು ನಿಮಿಷ ಆಗೂದ್ರಾಗ ರಂಗೋಲಿ ಎಲ್ಲಾ ತೊಯ್ದು, ಬಣ್ಣ ಹರಕೋತ ಗಟಾರಕ್ಕ ಹೋಗಾಕ ಹತ್ತಿತು.

ಓಣ್ಯಾಗಿನ ಅಕ್ಕಾರು ನೋಡಿ ನಕ್ಕರು. "ಏನವಾ, ನಿಮ್ಮ ಗಾಡಿಗೆ ವಯಸ್ಸಾತು, ತಡಕೊಳ್ಳಾಕ ಆಗವಲ್ದು" ಅಂದ್ರು. ನಾನೂ ನಕ್ಕೆ. ಮ್ಯಾಲೆ ಏನೇನು ಆತು ಅಂತ ಅವರಿಗೆ ಪೂರಾ ಹೇಳಿರಲಿಲ್ಲ, ಅದಕ್ಕ ಈಗ ಬರೀತೀನಿ.

ಗಾಡಿ ನಮ್ಮ ಮಾವನವರದು. ಬಿಳಿ ಅಂಬಾಸಿಡರ್, ಮಾರ್ಕ್ ಫೋರ್, 1982ರಾಗ ತಗೊಂಡದ್ದು. ಅದನ್ನ ಮಾಡೋ ಉತ್ತರಪಾರಾದ ಕಾರ್ಖಾನಿನ 2014ರಾಗ ಬಾಗಲಾ ಹಾಕಿತು, ಅದಕ್ಕಿಂತ ಮೊದಲ ಮಾವನವರೂ ಹೋದ್ರು. ಗಾಡಿ ಮಾತ್ರ ಉಳದೇತಿ. ಯಾಕ ಇಟ್ಕೊಂಡೀವಿ ಅಂದ್ರ ಶೋಕಿಗಲ್ರಿ. ಅತ್ತಿಗೆ ಈಗ ಎಂಬತ್ನಾಕು. ಎರಡೂ ಮೊಣಕಾಲು ಮಡಚೂದಿಲ್ಲ. ಮಗಳು-ಅಳಿಯನ ಹೊಸಾ ಗಾಡ್ಯಾಗ ಕುಂಡ್ರಬೇಕಂದ್ರ ಅವರಿಗೆ ತಗ್ಗಿನ್ಯಾಗ ಇಳದಂಗ ಆಕ್ಕೈತಿ, ಏಳಬೇಕಂದ್ರ ಇಬ್ಬರು ಕೈ ಹಿಡದು ಎಬ್ಬಸಬೇಕು. ಅಂಬಾಸಿಡರಿನ ಸೀಟು ಮನಿ ಕುರ್ಚಿಯಷ್ಟು ಎತ್ತರ, ಬಾಗಲಾ ದೊಡ್ಡದು. ಬೆನ್ನು ಮಾಡಿ ಕುಂತು ಕಾಲು ಒಳಗ ಎಳಕೊಂಡ್ರ ಆತು. ದಿನಾ ಮೊಣಕಾಲಿಗೆ ಶಾಖ ಕೊಡಸಾಕ ದವಾಖಾನಿಗೆ, ಸೋಮವಾರ ಗುಡಿಗೆ, ಬ್ಯಾಸಗ್ಯಾಗ ಬೀಗರ ಮನಿ ಮದಿವಿಗೆ. ಈ ಗಾಡಿ ಹೋತಂದ್ರ ಅತ್ತಿ ಮನಿ ಹೊಸ್ತಲಾ ದಾಟೂದು ಅಷ್ಟಕ್ಕ ಮುಗೀತು.

ಮೊದಲು ತ್ರಾಸು ಕೊಟ್ಟಿದ್ದು ಏಪ್ರಿಲ್‌ನ್ಯಾಗ, ನಮ್ಮ ಮೈದುನನ ಮಗನ ಮದಿವ್ಯಾಗ. ಮದುಮಗ ಅಜ್ಜನ ಗಾಡ್ಯಾಗ ಬರ್ಬೇಕು ಅಂತ ಹುಡುಗರು ಹಟಾ ಹಿಡದ್ರು. ಹೂವಿನವನು ಬಂದು ಗಾಡಿ ಮುಂದಿನ ಜಾಳಿಗಿಗೆ ಚೆಂಡು ಹೂವಿನ ಪರದೇನ ಕಟ್ಟಿಬಿಟ್ಟ. ಹನ್ನೆರಡು ಗಂಟೆ ಬಿಸಲು, ಮುಂದ ಬ್ಯಾಂಜೋದವ್ರು, ಹುಡುಗ್ರು ಕುಣೀತಾರ, ಗಾಡಿ ಇರಿವಿ ನಡದಂಗ ನಡೀತೈತಿ. ಕಲ್ಯಾಣ ಮಂಟಪ ಇನ್ನೂ ನೂರು ಹೆಜ್ಜಿ ಇರೂದ್ರಾಗ ಬಾನೆಟ್ಟಿನ ಅಡಿಯಿಂದ ಹೊಗಿ ಎದ್ದಂಗ ಉಗಿ ಎದ್ದಿತು, ಕೆಳಗ ಸುರ್ರಂತ ನೀರು. ಮದುಮಗ ಇಳದು ನಡಕೋತ ಹೋದ. ಬೀಗರ ಮುಂದ ನಮ್ಮ ಮನಿಯವರ ಮಾರಿ ಇಷ್ಟಾತು.

ಯಾಕ ಹಂಗಾತು ಅಂತ ನನಗ ಆಮ್ಯಾಲೆ ತಿಳೀತು. ಈ ಹಳೆ ಗಾಡಿ ಒಳಗಿನ ಪಂಖಾ ಇಂಜಿನ್ನಿಗೇ ಬೆಲ್ಟು ಹಾಕಿ ಕಟ್ಟಿರ್ತಾರ. ಇಂಜಿನ್ ಜೋರು ತಿರುಗಿದ್ರ ಪಂಖಾ ಜೋರು, ಇಂಜಿನ್ ನಿಧಾನ ಆದ್ರ ಪಂಖಾನೂ ನಿಧಾನ. ಹೊಸಾ ಗಾಡ್ಯಾಗ ಕರೆಂಟಿನ ಪಂಖಾ, ಕಾವು ಏರಿದ್ರ ತಾನ ಚಾಲೂ ಆಕ್ಕೈತಿ. ನಮ್ಮದು ಮೆರವಣಿಗ್ಯಾಗ ತೆವಳುವಾಗ ಗಾಳಿ ಇಲ್ಲ, ಮ್ಯಾಲೆ ಬರೋ ಗಾಳಿಗೂ ಹೂವಿನ ಪರದೆ ಅಡ್ಡ. ಉಸಿರು ಕಟ್ಟಿ ಕುದೀದೆ ಏನು ಮಾಡೀತು.

ಆವತ್ತಿನಿಂದ ನಮ್ಮ ಮನಿಯವರಿಗೆ ಒಂದು ಹೆದರಿಕಿ ಹೊಕ್ಕಿತು. ದಿನಾ ಮುಂಜಾನೆ ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳ ತಗದು, ಚರಗಿ ತಗೊಂಡು ಕುತ್ತಿಗಿ ಮಟ ನೀರು ತುಂಬಾಕ ಹತ್ತಿದ್ರು. ತುಂಬಿದಷ್ಟೂ ಸಂಜಿಕೆ ನನ್ನ ರಂಗೋಲಿ ಮ್ಯಾಲೆ. ಅವರು ಇನ್ನೊಂದು ಚರಗಿ ಹಾಕೋದು, ಅದು ಮತ್ತ ಉಗುಳೋದು. ಅದೂ ಬೋರಿನ ನೀರು. ಮಲಪ್ರಭಾದ ನಳಾ ದಿನಾ ಬರೂದಿಲ್ಲ, ಬಂದದ್ದು ಕುಡಿಯಾಕ, ಅದನ್ನ ಗಾಡಿಗೆ ಯಾರು ಹಾಕ್ತಾರ.

ಗ್ಯಾರೇಜಿಗೆ ಒಯ್ದರು. ಅಲ್ಲಿಯವರು ಬಾನೆಟ್ ಎತ್ತಿ ನೋಡಿ "ಹೆಡ್ ಗ್ಯಾಸ್ಕೆಟ್ ಹೋಗೇತಿ, ಇಂಜಿನ್ ಬಿಚ್ಚಬೇಕು, ಮೂವತ್ತೆಂಟು ಸಾವಿರ" ಅಂತ ಒಂದು ಚೀಟಿ ಬರದು ಕೊಟ್ರಂತ. ಮೈದುನ ಫೋನಿನ್ಯಾಗ "ಅಣ್ಣಾ, ಗುಜರಿಗೆ ಹಾಕು, ಸಾಕು" ಅಂದ್ರು. ಇವರು ಚೀಟಿ ಮಡಚಿ ಮಾವನವರ ಫೋಟೋದ ಹಿಂದ ಇಟ್ರು. ಅತ್ತಿಗೆ ಹೇಳಲಿಲ್ಲ. ಆದ್ರ ಅತ್ತಿ ಕಿವಿ ಇನ್ನೂ ಚಲೋ ಅದಾವ. ಆವತ್ತು ರಾತ್ರಿ ಊಟಕ್ಕ ಕುಂತಾಗ "ನನಗೇನು ಹೊರಗ ಹೋಗೂದು ಅಂತಾ ಚಟಾ ಇಲ್ಲವಾ" ಅಂದ್ರು, ಯಾರೂ ಕೇಳಿರಲಿಲ್ಲ. ಅರ್ಧ ರೊಟ್ಟಿ ಬಿಟ್ಟು ಎದ್ದರು.

ನನಗ ಆ ಮೂವತ್ತೆಂಟು ಸಾವಿರಕ್ಕಿಂತ ಇನ್ನೊಂದರದು ಜೀವ ಹೊಡಕೊಳ್ಳಾಕ ಹತ್ತಿತ್ತು. ನಮ್ಮ ಮನಿಯವರ ಬಲಗೈ ನೋಡಿದವರಿಗೆ ಗೊತ್ತು, ಮೊಣಕೈಯಿಂದ ಮಣಿಕಟ್ಟಿನ ಮಟ ಚರ್ಮ ಬ್ಯಾರೆ ಬಣ್ಣ. ಕೆಲವರು ಹುಟ್ಟಾ ಮಚ್ಚಿ ಅಂತ ತಿಳಕೊಂಡೀರಿ. ಅಲ್ಲ. ಅದು 1997ರ ಮೇ ತಿಂಗಳದ್ದು, ಇದ ಗಾಡಿದು.

ಬಾಗಲಕೋಟಿಗೆ ಮದಿವಿಗೆ ಹೊಂಟಿದ್ವಿ. ಹುಬ್ಬಳ್ಳಿ ದಾಟಿ ನವಲಗುಂದದ ರೋಡು. ಆ ಕಡೆಯವರಿಗೆ ಹೇಳಬೇಕಾಗಿಲ್ಲ, ಎರಡೂ ಕಡೆ ಎರಿಹೊಲ, ಬ್ಯಾಸಗ್ಯಾಗ ನೆಲಾ ಬಿರಕ ಬಿಟ್ಟು ಬಾಯಿ ತಕ್ಕೊಂಡು ಬಿದ್ದಿರ್ತೈತಿ, ನೆರಳು ಅನ್ನೋದು ಕಣ್ಣಿಗೆ ಬೀಳೂದಿಲ್ಲ. ಗಾಡಿ ಕುದ್ದು ನಿಂತಿತು. ಇವರು ಬಾನೆಟ್ ಎತ್ತಿ, ಟಾವೆಲ್ ತೊಯ್ಸಿ ಮುಚ್ಚಳದ ಮ್ಯಾಲೆ ಹಾಕಿ ತಿರುವಿದ್ರು. ಮುಚ್ಚಳ ಕೈಯಾಗ ಉಳೀಲಿಲ್ಲ. ನೀರು ಅಲ್ಲರಿ ಅದು, ಕಾರಂಜಿ. ಕುದಿಯೋ ನೀರು, ಉಗಿ, ಜಂಗಿನ ಕೆಂಪು ರಾಡಿ ಎಲ್ಲಾ ಕೂಡಿ ಆಳೆತ್ತರ ಎದ್ದು ಇವರ ಕೈ ಮ್ಯಾಲೆ, ಕುತ್ತಿಗಿ ಮ್ಯಾಲೆ ಬಿತ್ತು. ನಾನು ಮೂರು ವರ್ಷದ ಮಗಳನ್ನ ಬಗಲಾಗ ಎತಗೊಂಡು ನಾಕು ಹೆಜ್ಜಿ ಈಚೆ ನಿಂತಿದ್ದೆ. ಆಕಿ ಗಾಡಿ ನೋಡಬೇಕು ಅಂತ ಹಟಾ ಮಾಡಾಕ ಹತ್ತಿದ್ಲು, ನಾನು ಹತ್ರ ಹೋಗೋಣ ಅಂತ ಕಾಲು ಎತ್ತಿದ್ದೆ. ಆ ಕಾಲು ನೆನಸಿಕೊಂಡ್ರ ಈಗೂ ಮೈ ನಡಗತೈತಿ.

ಅತ್ತಿ ಆವಾಗ ಗಟ್ಟಿ ಇದ್ರು. ಗಾಡ್ಯಾಗ ಕುಡಿಯೋ ನೀರಿನ ತತ್ರಾಣಿ ಇತ್ತು, ಅದನ್ನ ಎತ್ತಿ ಮಗನ ಕೈ ಮ್ಯಾಲೆ ಸಣ್ಣಗ ಹೊಯ್ಕೋತ ನಿಂತ್ರು. ಅದು ಮುಗಿಯೂದ್ರಾಗ ಹೊಲದಾಗಿನ ಒಬ್ಬ ಅಣ್ಣ ತನ್ನ ಕೊಡ ತಂದ. ಬಸ್ಸಿನ್ಯಾಗ ಹೊಂಟವರು ಇಳದು ಬಂದು ಒಬ್ಬರು ಟೂತ್‌ಪೇಸ್ಟ್ ಹಚ್ಚರಿ, ಇನ್ನೊಬ್ಬರು ಶಾಯಿ ಹಚ್ಚರಿ ಅಂದ್ರು. ಅತ್ತಿ ಯಾರ ಮಾತೂ ಕೇಳದ ನೀರು ಹೊಯ್ದದ್ದು ಹೊಯ್ದದ್ದ. ನವಲಗುಂದದಾಗ ಡಾಕ್ಟರು ಅದನ್ನ ಕೇಳಿ, ಅದ ಸರಿ, ಸುಟ್ಟ ಕೈಗೆ ಇಪ್ಪತ್ತು ನಿಮಿಷ ತಣ್ಣೀರು ಬಿಡಬೇಕು, ಮತ್ತೇನೂ ಹಚ್ಚಬಾರದು ಅಂದ್ರು. ಬರ್ಫೂ ಬ್ಯಾಡ ಅಂದ್ರು. ನಿಮ್ಮ ಅಡಗಿ ಮನ್ಯಾಗೂ ಇದನ್ನ ನೆನಪಿಟ್ಕೊಳ್ರಿ.

ಈಗ ಅದ ಮನಿಷ್ಯಾ, ಅರವತ್ಮೂರರ ವಯಸ್ಸಿನ್ಯಾಗ, ದಿನಾ ಆ ಮುಚ್ಚಳಕ್ಕ ಕೈ ಹಾಕ್ತಾರ. ಮುಂಜಾನೆ ತಣ್ಣಗಿದ್ದಾಗ ಸರಿ. ಆದ್ರ ಒಂದಿನ ದವಾಖಾನಿಯಿಂದ ಬಂದವರ, ಇಂಜಿನ್ ಇನ್ನೂ ಕಾದಿರುವಾಗ, "ನೀರು ಚೆಲ್ಲೇತಿ, ತುಂಬತೀನಿ" ಅಂತ ಟಾವೆಲ್ ತಗೊಂಡು ಹೊಂಟ್ರು. ನಾನು ಹಿಟ್ಟಿನ ಕೈಲೆ ಓಡಿ ಹೋಗಿ ಟಾವೆಲ್ ಕಸಗೊಂಡೆ. ಓಣಿ ಮಂದಿ ನೋಡಿದ್ರು. ನೋಡ್ಲಿ.

ಮರುದಿನದಿಂದ ನಾನು ಲೆಕ್ಕಾ ಇಡಾಕ ಹತ್ತಿದೆ. ನಾನು ಪಿಯುಸಿ ಓದಿದ್ದು ಆರ್ಟ್ಸ್, ನನಗ ಇಂಜಿನ್ ತಿಳೀದಿಲ್ಲ. ಆದ್ರ ಉಕ್ಕೂದು ಅಂದ್ರ ಏನು ಅಂತ ಮೂವತ್ತು ವರ್ಷ ಒಲಿ ಮುಂದ ನಿಂತವರಿಗೆ ತಿಳೀದಂಗ ಹೋಗೂದಿಲ್ಲ. ಹಳೇದೊಂದು ಪರಾತ ತಂದು ಗಾಡಿ ಮೂತಿ ಕೆಳಗ ಇಟ್ಟೆ. ಮೊದಲನೇ ದಿನ ಪರಾತದಾಗ ನೀರು ಲೋಟದಿಂದ ಅಳದ್ರ ಮೂರು ಲೋಟ. ನೋಡಿಕೋತ ಕುಂತೆ. ಗಾಡಿ ಬರುವಾಗ ಹನಿ ಸತೇಕ ಇಲ್ಲ. ಇಂಜಿನ್ ಬಂದ್ ಮಾಡಿ ಇವರು ಚಾ ಕುಡಿಯಾಕ ಒಳಗ ಬಂದ ಮ್ಯಾಲೆ, ಐದು ನಿಮಿಷಕ್ಕ, ಮುಚ್ಚಳದ ಕುತ್ತಿಗಿಯಿಂದ ಕೆಳಗ ಬಂದಿರೋ ಸಣ್ಣ ನಳಿಗ್ಯಾಗಿಂದ ಸುರಿಯಾಕ ಚಾಲೂ.

ಹಾಲು ನೆನಪಾತು. ದಪ್ಪ ತಳದ ಪಾತೇಲಿಯೊಳಗ ಹಾಲು ಇಟ್ಟು, ಉಕ್ಕು ಬಂತು ಅಂತ ಗ್ಯಾಸ್ ಬಂದ್ ಮಾಡಿದ್ರೂ ಅದು ಇನ್ನೊಂದು ಸಲ ಏರಿ ಚೆಲ್ಲತೈತಲ್ರಿ, ಹಂಗ. ಬೆಂಕಿ ಆರೇತಿ, ತಳದಾಗಿನ ಕಾವು ಆರಿಲ್ಲ. ಇಂಜಿನ್ ಬಂದ್ ಆದ್ರ ನೀರು ತಿರುಗಸೋ ಪಂಪೂ ಬಂದ್, ಪಂಖಾನೂ ಬಂದ್. ಕಬ್ಬಿಣದ ಕಾವೆಲ್ಲಾ ನಿಂತ ನೀರಿಗೆ ಇಳೀತೈತಿ. ನೀರು ಉಬ್ಬತೈತಿ. ಹತ್ತು ಲೀಟರ್ ನೀರು ತಣ್ಣಗಿದ್ದದ್ದು ಕುದಿಯೋ ಮಟ ಬಂದ್ರ ಸುಮಾರು 400 ಮಿಲಿ ಹೆಚ್ಚಾಕ್ಕೈತಿ. ಕುತ್ತಿಗಿ ಮಟ ತುಂಬಿದ್ರ ಆ ಹೆಚ್ಚಾದದ್ದು ಎಲ್ಲಿ ಹೋಗಬೇಕು? ನನ್ನ ರಂಗೋಲಿಗೆ.

ನಾಕನೇ ದಿನ "ಇವತ್ತು ನೀರು ಹಾಕಬ್ಯಾಡ್ರಿ" ಅಂದೆ. "ಇಂಜಿನ್ ಹಿಡಕೊಂಡ್ರ ನೀ ಕೊಡ್ತೀ ಏನು ರೊಕ್ಕ?" ಅಂದ್ರು. "ಒಳಗ ಎಷ್ಟೈತಿ ತೋರಸ್ರಿ" ಅಂದೆ. ತಣ್ಣಗಿತ್ತು, ಮುಚ್ಚಳ ತಗದು ತೋರಿಸಿದ್ರು. ಕುತ್ತಿಗಿಯಿಂದ ಎರಡು ಬೆರಳು ಕೆಳಗ, ಒಳಗಿನ ಜಾಳಿಗಿ ಎಲ್ಲಾ ನೀರಾಗ ಮುಳಿಗಿತ್ತು. "ಇಷ್ಟ ಇರ್ಲಿ, ದವಾಖಾನಿ ದೂರ ಇಲ್ಲ, ಹೋಗಿ ಬರ್ರಿ" ಅಂದೆ. ಸಿಟ್ಟಿನಿಂದ ಹೋಗಿ ಬಂದ್ರು. ಪರಾತದಾಗ ಅರ್ಧ ಲೋಟ. ಮರುದಿನನೂ ಹಾಕಲಿಲ್ಲ. ಕಾಲು ಲೋಟ. ತನಗ ಎಷ್ಟು ಬೇಕೋ ಅಷ್ಟು ಇಟ್ಕೊಂಡು ಹೆಚ್ಚಾದದ್ದನ್ನ ಅದು ಹೊರಗ ಹಾಕಾಕ ಹತ್ತಿತ್ತು, ನಾವು ಅದರ ಬಾಯಾಗ ಮತ್ತ ಮತ್ತ ತುರುಕಾಕ ಹತ್ತಿದ್ವಿ.

ಆದ್ರ ಪೂರಾ ನಿಲ್ಲಲಿಲ್ಲ. ಕಾಲು ಲೋಟ ಯಾಕ? ಮುಚ್ಚಳ ಕೈಯಾಗ ಹಿಡದು ತಿರುವಿ ನೋಡಿದೆ. ಒಳಗ ಒಂದು ಸ್ಪ್ರಿಂಗು, ಅದರ ತುದಿಗೆ ರಬ್ಬರಿನ ಬಳಿ. ರಬ್ಬರ್ ಒಣಗಿ ಕರಿ ಹಪ್ಪಳ ಆಗಿತ್ತು, ಉಗುರು ಹಚ್ಚಿದ್ರ ಚೂರು ಉದುರತಿತ್ತು. "ಇದು ನಮ್ಮ ಕುಕ್ಕರಿನ ರಬ್ಬರ್ ಹೋದಂಗ ಹೋಗೇತ್ರಿ" ಅಂದೆ. ಆವಾಗ ಮೊದಲ ಸಲ ಇವರು ನಗಲಿಲ್ಲ.

ಅತ್ತಿ ಒಂದು ಹಾದಿ ಹೇಳಿದ್ರು. ಮಾವನವರ ಕಾಲದಾಗ ಈ ಗಾಡಿ ನೋಡ್ತಿದ್ದ ಮಿಸ್ತ್ರಿ ಅಜ್ಜ ಒಬ್ಬರು ಇದ್ದಾರ, ಈಗ ಕೆಲಸ ಬಿಟ್ಟು ಮನ್ಯಾಗ ಕುಂತಾರ. ಕರಕೊಂಡು ಬಂದ್ವಿ. ಬಂದವರ ಚಾ ಸತೇಕ ಕುಡೀದ, ತಣ್ಣಗಿನ ಇಂಜಿನ್ನಿನ ಮುಚ್ಚಳ ತಗದು, ಗಾಡಿ ಚಾಲೂ ಮಾಡಸಿ, ರೇಡಿಯೇಟರಿನ ಬಾಯಾಗ ಬ್ಯಾಟರಿ ಬಿಟ್ಟು ನೋಡಿಕೋತ ನಿಂತ್ರು. ಹೆಡ್ ಗ್ಯಾಸ್ಕೆಟ್ ಹೋಗಿದ್ರ ಒಳಗಿನ ಗ್ಯಾಸು ನೀರಾಗ ಹೊಕ್ಕು ಗುಳ್ಳಿ ಏಳ್ತಾವಂತ, ಒಂದರ ಹಿಂದ ಒಂದು, ನಿಲ್ಲದ. ಇಂಜಿನ್ ಆಯಿಲ್ ಹಾಲು ಬೆರೆಸಿದ ಚಾದಂಗ ಆಗಿರ್ತೈತಂತ. ಗುಳ್ಳಿ ಏಳಲಿಲ್ಲ. ಆಯಿಲ್ ಕಡ್ಡಿ ತಗದು ಒರಸಿ ನೋಡಿದ್ರು, ಸ್ವಚ್ಛ. "ಯಾರಂದ್ರಪಾ ಗ್ಯಾಸ್ಕೆಟ್ ಹೋಗೇತಿ ಅಂತ?" ಅಂದ್ರು. ಇವರು ಫೋಟೋದ ಹಿಂದಿನ ಚೀಟಿ ತಂದು ತೋರಿಸಿದ್ರು. ಅಜ್ಜ ಓದಿ, ಮಡಚಿ, ವಾಪಸ್ ಕೊಟ್ರು. ಏನೂ ಅನ್ನಲಿಲ್ಲ.

ರೇಡಿಯೇಟರ್ ಬಿಚ್ಚಿ ತೊಳದಾಗ ಬಂದದ್ದು ನೋಡಬೇಕಿತ್ತು ನೀವು. ಬೋರಿನ ನೀರು ಕಾಸೋ ಹಂಡೆ ತಳದಾಗ ಬಿಳಿ ಹೊಪ್ಪಳಿಕಿ ಕಟ್ಟತೈತಲ್ಲ, ಅದ, ಜಂಗು ಬೆರೆತು ಕಂದು ಆಗಿ, ಎರಡು ಮುಷ್ಟಿ. ಸಣ್ಣ ಸಣ್ಣ ನಳಿಗಿ ಅರ್ಧ ಮುಚ್ಚಿಹೋಗಿದ್ವು. ಇನ್ನಮ್ಯಾಲೆ ಬೋರಿನ ನೀರು ಬಂದ್, ಬ್ಯಾಟರಿಗೆ ಹಾಕೋ ಶುದ್ಧ ನೀರಿಗೆ ಕೂಲಂಟ್ ಬೆರೆಸಿ ಹಾಕ್ರಿ ಅಂದ್ರು. ಕೂಲಂಟ್ ಜಂಗು ಹಿಡಿಯಾಕ ಬಿಡೂದಿಲ್ಲ, ನೀರು ಬೇಗ ಕುದಿಯಾಕೂ ಬಿಡೂದಿಲ್ಲ. ಸಡಲಾಗಿದ್ದ ಪಂಖಾದ ಬೆಲ್ಟು ಬಿಗಿ ಮಾಡಿದ್ರು. ಹೊಸಾ ಮುಚ್ಚಳ ತರಿಸಿದ್ರು.

ಮುಚ್ಚಳದ ಕೆಲಸ ಅಜ್ಜ ನನಗ ಕುಕ್ಕರಿನ ಮ್ಯಾಲೆ ಹೇಳಿದ್ರು, ಅದಕ್ಕ ಛಲೋ ತಿಳೀತು. ನೀರು ಬರೇ ಬಾಯಿಬಿಟ್ಟ ಪಾತೇಲಿಯೊಳಗ 100 ಡಿಗ್ರಿಗೆ ಕುದೀತೈತಿ. ಕುಕ್ಕರಿನ್ಯಾಗ ಒತ್ತಡ ಇರೂದ್ರಿಂದ 120ರ ಹತ್ರ ಹೋಗತೈತಿ, ಅದಕ್ಕ ಬ್ಯಾಳಿ ಬೇಗ ಬೇಯೋದು. ಗಾಡಿ ಮುಚ್ಚಳನೂ ಹಂಗ, ಕುಕ್ಕರಿನಷ್ಟು ಅಲ್ಲ, ಒಂದೀಟು ಒತ್ತಡ ಹಿಡದು ನೀರು ಕುದಿಯೂದನ್ನ ಮುಂದಕ್ಕ ಹಾಕತೈತಿ. ರಬ್ಬರ್ ಸತ್ರ ಒತ್ತಡ ನಿಲ್ಲೂದಿಲ್ಲ, ಬೇಗ ಕುದ್ದು ಚೆಲ್ಲತೈತಿ. ಇನ್ನ ಕಾದಾಗ ನಾವ ಮುಚ್ಚಳ ತಗದ್ರ, ನೂರರ ಮ್ಯಾಲೆ ಕಾದು ಕುಂತ ನೀರಿಗೆ ಒಮ್ಮಿಂದೊಮ್ಮೆಲೆ ಒತ್ತಡ ಹೋಗಿ, ಅದು ಅಲ್ಲೇ ಉಗಿ ಆಗಿ ಹಾರತೈತಿ. ಸೀಟಿ ಇಳಿಯೂದ್ರಾಗ ಕುಕ್ಕರ್ ತಗದಂಗ. ಮ್ಯಾಲಿನ ದಪ್ಪ ರಬ್ಬರ್ ಪೈಪು ಅರಬಿ ಸುತ್ತಿ ಹಿಚಕಿ ನೋಡು, ಗಟ್ಟಿ ಇದ್ರ ಕೈ ಹಾಕಬ್ಯಾಡ ಅಂತ ಇವರಿಗೆ ಹೇಳಿದ್ರು. ಇಪ್ಪತ್ತೆಂಟು ವರ್ಷ ನಾನು ಬಾಯಿ ಬಡಕೊಂಡದ್ದು ಇವರ ಕಿವ್ಯಾಗ ಇಳೀಲಿಲ್ಲ, ಅಜ್ಜ ಒಮ್ಮೆ ಹೇಳಿದ್ದು ಇಳೀತು. ಇರ್ಲಿ.

ಮತ್ತ ಒಂದು ಬಿಳಿ ಬಾಟ್ಲಿ ಹಚ್ಚಿದ್ರು. ಹೊಸಾ ಗಾಡಿಗೋಳಿಗೆಲ್ಲಾ ಇರ್ತೈತಿ, ನಮ್ಮದಕ್ಕ ಇದ್ದಿದ್ದಿಲ್ಲ. ಚೆಲ್ಲೋ ನಳಿಗಿಯ ತುದಿ ಆ ಬಾಟ್ಲಿ ತಳದಾಗ, ಯಾವಾಗಲೂ ನೀರಾಗ ಮುಳಗಿರಬೇಕು. ಕಾದಾಗ ಹೆಚ್ಚಾದ ನೀರು ಬಾಟ್ಲಿಗೆ ಬರತೈತಿ, ಆರಿದಾಗ ರೇಡಿಯೇಟರ್ ತಾನ ವಾಪಸ್ ಎಳಕೋತೈತಿ. ಅದಕ್ಕ ಮುಚ್ಚಳನೂ ಎರಡು ಬಾಗಲದ್ದು ಬೇಕು, ಹೊರಗ ಬಿಡೂದೊಂದು, ಒಳಗ ತಗೊಳ್ಳೂದೊಂದು. ಎಲ್ಲಾ ಸೇರಿ ನಾಕು ಸಾವಿರ ದಾಟಲಿಲ್ಲ.

ಇಲ್ಲೇ ಒಂದು ಮಾತು ಹೇಳಬೇಕು, ಇದನ್ನ ಬಿಟ್ಟು ಬಾಕಿ ಎಲ್ಲಾ ಮರತ್ರೂ ನಡೀತೈತಿ. ಉಳದ ಕೂಲಂಟನ್ನ ನಮ್ಮ ಮನಿಯವ್ರು ಖಾಲಿ ಶರಬತ್ತಿನ ಬಾಟ್ಲಿಗೆ ಸುರುವಿ ಹಿತ್ತಲ ಮಾಡದಾಗ ಇಟ್ಟಿದ್ರು. ಹಸರು ಬಣ್ಣ, ನೋಡಾಕ ಖಸ್ ಶರಬತ್ತಿನಂಗ. ಅಜ್ಜ ಅದನ್ನ ನೋಡಿ ಗಾಬರಿ ಆದ್ರು. ಅದು ರುಚಿಗೆ ಸಿಹಿ ಇರ್ತೈತಂತ, ಆದ್ರ ಪಕ್ಕಾ ವಿಷ, ಮೂತ್ರಪಿಂಡನ ಹೋಗ್ತಾವಂತ. ನಾಯಿ, ಬೆಕ್ಕು ನೆಕ್ಕಿ ಸಾಯ್ತಾವಂತ. ಮೊಮ್ಮಗ ಸೂಟಿಗೆ ಬರೋದು ಎಂಟು ದಿನ ಇತ್ತು. ನಾನು ಆ ಬಾಟ್ಲಿ ಒಡೀದಂಗ ಹಿಡದು, ಅದರ ಮೊದಲಿನ ಡಬ್ಬಿಗೇ ವಾಪಸ್ ಸುರುವಿಸಿ, ಬೀಗ ಹಾಕೋ ಕಪಾಟಿನ ಮ್ಯಾಲಿನ ಖಣದಾಗ ಇಡಿಸಿದೆ. ಬಾಟ್ಲಿ ಕಸಕ್ಕ. ಗಾಡಿ ಕೆಳಗ ಮಲಗೋ ಓಣಿ ನಾಯಿಗೆ ಬ್ಯಾರೆ ಕಡೆ ಗೋಣಿತಟ್ಟು ಹಾಸಿ ಕೊಟ್ಟೆ, ಚೆಲ್ಲಿದ್ದ ಜಾಗಾ ನಾಕು ಕೊಡ ನೀರು ಹಾಕಿ ತೊಳದೆ.

ಮೇ ಎರಡನೇ ವಾರ ನರಗುಂದದಾಗ ನಮ್ಮ ನಾದಿನಿ ಮಗಳ ಕುಬಸ. ಮನಿಗೆ ಹಿರ್ಯಾರು ಅಂತ ಅತ್ತಿ ಹೋಗಲೇಬೇಕು. ಅದ ರೋಡು. ಇವರು ರಾತ್ರಿ ಎಲ್ಲಾ ಹೊಳ್ಳ್ಯಾಡಿದ್ರು, ನಾನೂ. ಅತ್ತಿ ಮಾತ್ರ ಮುಂಜಾನೆ ಐದಕ್ಕ ಇಳಕಲ್ ಸೀರಿ ಉಟ್ಟು ಕುಂತಿದ್ರು. "ಎರಡು ತತ್ರಾಣಿ ಇಡವಾ" ಅಂದ್ರು. ಯಾಕ ಅಂತ ನಾನು ಕೇಳಲಿಲ್ಲ.

ಹೋಗುವಾಗ ತಂಪು ಹೊತ್ತು, ಏನೂ ಆಗಲಿಲ್ಲ. ಬರುವಾಗ ಮೂರು ಗಂಟೆ. ನವಲಗುಂದದ ಈಚೆ ರೋಡಿನ ಕೆಲಸ ನಡದಿತ್ತು, ಒಂದ ಕಡೆ ಬಿಡಾಕ ಹತ್ತಿದ್ರು. ಅರ್ಧ ತಾಸು ನಿಂತ್ವಿ, ಇಂಜಿನ್ ಚಾಲೂ ಇಟ್ಟು. ಅಲ್ಲಿಂದ ಬಿಟ್ಟು ಎರಡು ಮೈಲಿ ಬರೂದ್ರಾಗ ಮೂಗಿಗೆ ಬಿಸಿ ರಬ್ಬರಿನ ವಾಸನಿ ಬಂತು. ಇವರು ಒಂದು ಬೇವಿನ ಗಿಡ ನೋಡಿ ಗಾಡಿ ನಿಲ್ಲಿಸಿದ್ರು. ಬಾನೆಟ್ ಎತ್ತಿದ್ರು. ಟಾವೆಲ್ ಹೆಗಲ ಮ್ಯಾಲೆ ಇತ್ತು.

ನಾನು ಇಳದು ಬಾಜೂಕ ನಿಂತೆ, ಏನೂ ಅನ್ನಲಿಲ್ಲ. ಕೈ ಮುಚ್ಚಳದ ಕಡೆ ಹೋತು, ಅರ್ಧಕ್ಕ ನಿಂತಿತು. ಟಾವೆಲ್ ಸುತ್ತಿ ಮ್ಯಾಲಿನ ಪೈಪು ಹಿಚಕಿ ನೋಡಿದ್ರು. "ಕಲ್ಲಾಗೇತಿ" ಅಂದ್ರು. ಟಾವೆಲ್ ಕೊಡವಿ ಗಿಡದ ಬುಡಕ್ಕ ಹಾಸಿ ಕುಂತುಬಿಟ್ರು. ಬಾಟ್ಲ್ಯಾಗ ಹಸರು ನೀರು ಗೀಟಿನ ಮ್ಯಾಲೆ ಮೂರು ಬೆರಳು ಏರಿತ್ತು, ಒಂದು ಹನಿ ನೆಲಕ್ಕ ಬಿದ್ದಿರಲಿಲ್ಲ.

ಅತ್ತಿ ಗಾಡ್ಯಾಗ ಕುಂತ ಕುಬಸದ ಬುತ್ತಿ ಬಿಚ್ಚಿದ್ರು. ಮಾದಲಿ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಅಲ್ಲೇ ತಿಂದ್ವಿ. ಒಂದು ತತ್ರಾಣಿ ನೀರು ಖಾಲಿ ಆತು. ಮುಕ್ಕಾಲು ತಾಸಿನ ಮ್ಯಾಲೆ ಇವರು ಎದ್ದು ಹೋಗಿ ಬಗ್ಗಿ ನೋಡಿ, ಸಣ್ಣ ಹುಡುಗನಂಗ ಕೂಗಿದ್ರು, "ಏ ಬಾರ ಇಲ್ಲೆ, ಕುಡಿಯಾಕ ಹತ್ತೇತಿ ನೋಡು!" ಹೋಗಿ ನೋಡಿದೆ. ಬಾಟ್ಲ್ಯಾಗಿನ ನೀರು ಎರಡು ಬೆರಳು ಇಳದಿತ್ತು.

ಕತ್ತಲಾಗೂದ್ರಾಗ ಧಾರವಾಡ ಮುಟ್ಟಿದ್ವಿ. ಎರಡನೇ ತತ್ರಾಣಿ ತುಂಬಿದ್ದು ತುಂಬಿದಂಗ ಮನಿಗೆ ಬಂತು. ಮರುದಿನ ಮುಂಜಾನೆ ಅದ ನೀರು ಅಂಗಳಕ್ಕ ಚೆಲ್ಲಿ ರಂಗೋಲಿ ಹಾಕಿದೆ.